ಯಾರು ಕೊಟ್ಟ ಸ್ವಾತಂತ್ರ್ಯ?

ಭಾನುವಾರದ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಮಾತನಾಡುತ್ತಾ ನಿಂತಿದ್ದ ಹೊತ್ತು. ಪರಿಚಿತರಾದ ನಿವೃತ್ತ ಶಾಲಾ ಶಿಕ್ಷಕರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನನ್ನ ಬಳಿಗೆ ಬಂದರು. ಆಕೆ ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದಳು. ಅವಳಿಗೆ ಒಂದೇ ತಿಂಗಳಲ್ಲಿ ಎರಡು ಪತ್ರಗಳು ಬಂದಿದ್ದವು. ಒಂದು, ದೊಡ್ಡ ಕಂಪನಿಯೊಂದರ ನೇಮಕಾತಿ ಪತ್ರ. ಇನ್ನೊಂದು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಲು ಅವಕಾಶ. “ಸರ್, ನೀವು ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಟ್ಟವರು. ಇವಳಿಗೆ ನೀವಾದರೂ ಒಂದು ಮಾತು ಹೇಳಿ” ಎಂದರು ತಂದೆ. ಮಗಳು ನಕ್ಕು ಹೇಳಿದಳು: “ಅಂಕಲ್, ಸಂಬಳ ಎಲ್ಲಿ ಹೆಚ್ಚು ಎಂಬುದು ನನಗೂ ಗೊತ್ತು. ಎಲ್ಲಿ ನಾನು ಹೆಚ್ಚು ಸ್ವತಂತ್ರಳಾಗಿರುತ್ತೇನೆ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ.”

ಆ ದಿನ ನಾನು ಸಮರ್ಪಕ ಉತ್ತರ ಕೊಡಲಿಲ್ಲ. ಚರಿತ್ರೆಯನ್ನು ಓದಿದವನು ಎಂಬ ಕಾರಣಕ್ಕೆ ನನ್ನನ್ನು ಕೇಳಿದ್ದರಿಂದ, ಚರಿತ್ರೆಯಲ್ಲೇ ಉತ್ತರ ಹುಡುಕುವುದು ನನ್ನ ಕರ್ತವ್ಯವೆನಿಸಿತು. ಈ ಪ್ರಶ್ನೆ ಹೊಸದೇನಲ್ಲ. ಜಗತ್ತಿನ ಅತ್ಯಂತ ಪ್ರತಿಭಾವಂತರಲ್ಲಿ ಕೆಲವರು ಇದೇ ಎರಡು ಪತ್ರಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದ್ದಾರೆ. ಅವರು ಕಂಡುಕೊಂಡದ್ದು ನಮ್ಮ ಮನೆಗಳ ಮಕ್ಕಳಿಗೂ ಉಪಯೋಗಕ್ಕೆ ಬಂದೀತು ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕಂಪನಿಯ ಮನೆಯೊಳಗೊಬ್ಬ ಸ್ವತಂತ್ರ

ಮೊದಲು ಕ್ಲಾಡ್ ಶ್ಯಾನನ್ ಅವರ ಕಥೆ. 1916ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದ ಶ್ಯಾನನ್, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂದರೆ ಎಂಐಟಿಯಲ್ಲಿ 1940ರಲ್ಲಿ ಡಾಕ್ಟರೇಟ್ ಪಡೆದು, 1941ರಲ್ಲಿ ಬೆಲ್ ಲ್ಯಾಬೊರೇಟರೀಸ್ ಸೇರಿದರು. ಬೆಲ್ ಲ್ಯಾಬ್ಸ್ ಎಂಬುದು ಆ ದೇಶದ ಬೃಹತ್ ದೂರವಾಣಿ ಕಂಪನಿಯಾದ ಎಟಿ ಅಂಡ್ ಟಿಯ ಸಂಶೋಧನಾಲಯ, 1925ರಲ್ಲಿ ಸ್ಥಾಪನೆಯಾದದ್ದು. ಕಂಪನಿಯ ಪ್ರಯೋಗಾಲಯವೆಂದರೆ ಗಂಟೆ ಹೊಡೆದಂತೆ ಕೆಲಸ, ಮೇಲಿನಿಂದ ಬಂದ ಆದೇಶ, ತಿಂಗಳ ಕೊನೆಗೆ ಲೆಕ್ಕ ಎಂದು ನಾವು ಊಹಿಸುತ್ತೇವೆ. ಆದರೆ ಅಲ್ಲಿನ ಗಣಿತ ವಿಭಾಗದ ವಾತಾವರಣ ಹಾಗಿರಲಿಲ್ಲ. ಇತರ ವಿಭಾಗದವರು ತೊಡಕುಗಳನ್ನು ತಂದರೆ ಸಲಹೆ ಕೊಡಬೇಕಾಗಿತ್ತು. ಉಳಿದಂತೆ ತಮಗೆ ಹಿಡಿಸಿದ ವಿಷಯವನ್ನು ಬೆನ್ನಟ್ಟಲು ಅವಕಾಶವಿತ್ತು.

1948ರಲ್ಲಿ ಶ್ಯಾನನ್ ಅವರು ಸಂವಹನದ ಗಣಿತ ಸಿದ್ಧಾಂತವನ್ನು ಕುರಿತ ತಮ್ಮ ಪ್ರಬಂಧವನ್ನು ಕಂಪನಿಯದೇ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಪ್ರಕಟಿಸಿದರು. ಮಾತು, ಚಿತ್ರ, ಅಕ್ಷರ, ಸಂಗೀತ ಯಾವುದೇ ಆಗಲಿ, ಎಲ್ಲವನ್ನೂ ‘ಬಿಟ್’ ಎಂಬ ಒಂದೇ ಅಳತೆಗೋಲಿನಿಂದ ಅಳೆಯಬಹುದು ಎಂದು ಅದು ತೋರಿಸಿಕೊಟ್ಟಿತು. ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ಫೋನಿನ ಬೆನ್ನೆಲುಬು ಆ ಸಿದ್ಧಾಂತವೇ. ಇಷ್ಟು ಮಾಡಿದವರನ್ನು ಕಂಪನಿ ಅವರಷ್ಟಕ್ಕೆ ಬಿಟ್ಟಿತು. ಅವರು ಕಾರಿಡಾರುಗಳಲ್ಲಿ ಒಂಟಿ ಚಕ್ರದ ಸೈಕಲ್ ಓಡಿಸಿದರು. ಗೋಜಲು ದಾರಿಯಲ್ಲಿ ತಾನೇ ಹಾದಿ ಹುಡುಕಿಕೊಳ್ಳುವ ಯಾಂತ್ರಿಕ ಇಲಿಯೊಂದನ್ನು ತಯಾರಿಸಿದರು. ಯಂತ್ರಕ್ಕೆ ಚದುರಂಗ ಕಲಿಸುವುದು ಹೇಗೆಂದು 1950ರಲ್ಲಿ ಪ್ರಬಂಧ ಬರೆದರು. ಇದರಿಂದ ದೂರವಾಣಿ ಕಂಪನಿಗೆ ಏನು ಲಾಭ ಎಂಬ ಪ್ರಶ್ನೆ ಅವರ ದಾರಿಗೆ ಅಡ್ಡ ಬರಲಿಲ್ಲ. ಇಷ್ಟೊಂದು ಬಿಡುವನ್ನು ಅನುಭವಿಸಿದ ವ್ಯಕ್ತಿ ಅಲ್ಲೇ ಸುಖವಾಗಿ ನಿವೃತ್ತರಾಗಬೇಕಿತ್ತಲ್ಲವೇ? ಹಾಗಾಗಲಿಲ್ಲ.

1956ರಲ್ಲಿ ಶ್ಯಾನನ್ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಎಂಐಟಿಗೆ ಹೋದರು. ಅಲ್ಲಿಯೇ ಉಳಿಯುವ ಮನಸ್ಸಾಯಿತು. ಹಿಂದಿರುಗಿ ಬರಲೆಂದು ಕಂಪನಿ ಸಂಬಳವನ್ನು ಉದಾರವಾಗಿ ಏರಿಸಲು ಮುಂದಾಯಿತು. ಆಗ ಅವರು ತಮ್ಮ ಮೇಲಧಿಕಾರಿಗೆ ಬರೆದ ಪತ್ರ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅದರಲ್ಲಿ ಕಂಪನಿಯ ಬಗ್ಗೆ ಒಂದು ಕಹಿ ಮಾತೂ ಇಲ್ಲ. ಎರಡೂ ಕಡೆಯ ಅನುಕೂಲಗಳನ್ನು ಪ್ರಾಮಾಣಿಕವಾಗಿ ತೂಗಿ, ತಕ್ಕಡಿ ಹೆಚ್ಚು ಕಡಿಮೆ ಸಮವಾಗಿಯೇ ನಿಲ್ಲುತ್ತದೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ದೀರ್ಘ ರಜೆ, ಕೆಲಸದ ವೇಳೆಯಲ್ಲಿನ ಸ್ವಾತಂತ್ರ್ಯ, ತಿಂಗಳುಗಟ್ಟಲೆ ಉಳಿಯುವ ಹೊರದೇಶದ ವಿದ್ವಾಂಸರ ಸಹವಾಸ ಇವನ್ನು ಒಂದು ಕಡೆ ಇಡುತ್ತಾರೆ. ಹದಿನೈದು ವರ್ಷ ಒಂದೇ ಕಡೆ ಇದ್ದು ಮನಸ್ಸು ಕೊಂಚ ಹಳಸಿದಂತಾಗಿದೆ ಎಂದೂ ಹೇಳಿಕೊಳ್ಳುತ್ತಾರೆ. ಆ ಪತ್ರದ ಒಂದು ಮಾತು ಎಲ್ಲಕ್ಕಿಂತ ಮುಖ್ಯವಾದದ್ದು: ಬೆಲ್ ಲ್ಯಾಬ್ಸ್‌ನಲ್ಲಿ ತಾವು ತೆಗೆದುಕೊಳ್ಳುತ್ತಿದ್ದ ಸ್ವಾತಂತ್ರ್ಯ ತಮಗೆ ತೋರಿಸಿದ ಒಂದು ವಿಶೇಷ ದಾಕ್ಷಿಣ್ಯ ಎಂದೇ ತಮಗೆ ಯಾವಾಗಲೂ ಅನಿಸುತ್ತಿತ್ತು ಎಂಬ ಅರ್ಥದ ಮಾತು.

ಕಂಪನಿ ಅವರಿಗೆ ಸ್ವಾತಂತ್ರ್ಯ ಕೊಟ್ಟಿರಲಿಲ್ಲ ಎಂದಲ್ಲ, ಬಹಳ ಕೊಟ್ಟಿತ್ತು. ಆದರೆ ಅದು ದೊಡ್ಡ ಮನೆಯವರು ಮೆಚ್ಚಿದ ಅತಿಥಿಗೆ ಕೊಡುವ ಸ್ವಾತಂತ್ರ್ಯವಾಗಿತ್ತು. ಅತಿಥಿಗೆ ಎಷ್ಟೇ ಉಪಚಾರವಾದರೂ ಮನೆ ಅವನದಲ್ಲ. ತಾನಿರುವುದು ಇನ್ನೊಬ್ಬರ ಔದಾರ್ಯದ ಮೇಲೆ ಎಂಬ ಸಂಕೋಚ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ದಾಕ್ಷಿಣ್ಯವಾಗಿ ದೊರೆತ ಸ್ವಾತಂತ್ರ್ಯ ಒಂದು, ಹಕ್ಕಾಗಿ ದೊರೆತ ಸ್ವಾತಂತ್ರ್ಯ ಇನ್ನೊಂದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಚರಿತ್ರೆ ತಾನೇ ಬಿಡಿಸಿಕೊಳ್ಳುತ್ತದೆ.

ಒಂದೇ ಮನೆಯಿಂದ ಹೊರಟ ಮೂರು ದಾರಿ

ಅದೇ ಬೆಲ್ ಲ್ಯಾಬ್ಸ್‌ನಲ್ಲಿ 1947ರ ಡಿಸೆಂಬರಿನಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಎಂಬ ಇಬ್ಬರು ವಿಜ್ಞಾನಿಗಳು ಟ್ರಾನ್ಸಿಸ್ಟರನ್ನು ಕಂಡುಹಿಡಿದರು. ಅವರ ತಂಡದ ಮುಖ್ಯಸ್ಥರು ವಿಲಿಯಂ ಶಾಕ್ಲಿ. 1956ರಲ್ಲಿ ಮೂವರಿಗೂ ಸೇರಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಅಷ್ಟರೊಳಗೆ ಮೂವರೂ ಬೇರೆ ಬೇರೆ ದಾರಿ ಹಿಡಿದಾಗಿತ್ತು.

ಆವಿಷ್ಕಾರವಾದ ಮೇಲೆ ಶಾಕ್ಲಿಯವರು ಮುಂದಿನ ಮುಖ್ಯ ಕೆಲಸವನ್ನೆಲ್ಲ ತಮ್ಮ ವಿಚಾರಗಳ ಸುತ್ತ ಇರಿಸಿಕೊಂಡರು. ಬಾರ್ಡೀನ್ ಅವರಿಗೆ ತಾವೇ ತೆರೆದ ಬಾಗಿಲಿನ ಹೊರಗೆ ನಿಲ್ಲಬೇಕಾದ ಸ್ಥಿತಿ ಬಂತು. ತಮ್ಮ ಮೇಲಧಿಕಾರಿಗೇ ಪ್ರತಿಸ್ಪರ್ಧಿಯಾಗದೆ ಆ ಕ್ಷೇತ್ರದಲ್ಲಿ ಕೆಲಸ ಮಾಡುವಂತಿಲ್ಲ ಎಂಬುದು ಅವರ ಕೊರಗು. ಶ್ಯಾನನ್ ಅವರಿಗೆ ಅಷ್ಟೆಲ್ಲ ಬಿಡುವು ಕೊಟ್ಟ ಅದೇ ಸಂಸ್ಥೆ, ಅದೇ ವರ್ಷಗಳು. ಬೇರೆಯಾಗಿದ್ದದ್ದು ಮೇಲೆ ಕುಳಿತಿದ್ದವರ ಸ್ವಭಾವ ಮಾತ್ರ. 1951ರಲ್ಲಿ ಬಾರ್ಡೀನ್ ಅವರು ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಹೊರಟುಹೋದರು. ಅಲ್ಲಿ ಅತಿವಾಹಕತೆ ಎಂಬ ಹಳೆಯ ಒಗಟನ್ನು ಕೈಗೆತ್ತಿಕೊಂಡು, ಲಿಯಾನ್ ಕೂಪರ್ ಮತ್ತು ರಾಬರ್ಟ್ ಶ್ರೀಫರ್ ಎಂಬ ಇಬ್ಬರು ಕಿರಿಯರೊಡನೆ 1957ರಲ್ಲಿ ಅದನ್ನು ಬಿಡಿಸಿದರು. 1972ರಲ್ಲಿ ಇನ್ನೊಂದು ನೊಬೆಲ್ ಬಂತು. ಭೌತವಿಜ್ಞಾನದಲ್ಲಿ ಎರಡು ಬಾರಿ ನೊಬೆಲ್ ಪಡೆದವರು ಚರಿತ್ರೆಯಲ್ಲಿ ಅವರೊಬ್ಬರೇ.

ಬ್ರಾಟೇನ್ ಅವರು ಕಂಪನಿ ಬಿಡಲಿಲ್ಲ. ಶಾಕ್ಲಿಯವರ ಕೈಕೆಳಗೆ ಮಾತ್ರ ಇನ್ನು ಕೆಲಸ ಮಾಡಲಾರೆ ಎಂದು ಹೇಳಿ, ಅದೇ ಸಂಸ್ಥೆಯಲ್ಲಿ ಬೇರೆ ಗುಂಪಿಗೆ ವರ್ಗ ಮಾಡಿಸಿಕೊಂಡರು. 1967ರವರೆಗೂ ಅಲ್ಲಿಯೇ ನೆಮ್ಮದಿಯಿಂದ ದುಡಿದು, ಆಮೇಲೆ ತಾವು ಓದಿದ ಸಣ್ಣ ಕಾಲೇಜಿನಲ್ಲಿ ಪಾಠ ಹೇಳಿದರು. ಸಂಸ್ಥೆಯನ್ನೇ ಬಿಡಬೇಕಾಗಿಲ್ಲ, ಕೆಲವೊಮ್ಮೆ ಮೇಜನ್ನು ಬದಲಾಯಿಸಿದರೂ ಸಾಕು ಎಂಬ ವ್ಯಾವಹಾರಿಕ ವಿವೇಕ ಅವರದು.

ಶಾಕ್ಲಿಯವರು 1955ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಪ್ರಯೋಗಾಲಯ ಕಟ್ಟಿ, ದೇಶದ ಬುದ್ಧಿವಂತ ಯುವಕರನ್ನು ಆರಿಸಿ ತಂದರು. ತಾವು ಒಡೆಯರಾದಾಗ ಇತರರಿಗೆ ಸ್ವಾತಂತ್ರ್ಯ ಕೊಡುವುದು ಅವರಿಂದ ಆಗಲಿಲ್ಲ. ಒಮ್ಮೆ ನೌಕರರನ್ನು ಸುಳ್ಳು ಪತ್ತೆ ಯಂತ್ರಕ್ಕೆ ಒಡ್ಡಲು ಹೊರಟರು. 1957ರಲ್ಲಿ ಎಂಟು ಮಂದಿ ಒಟ್ಟಿಗೆ ಹೊರಬಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿನ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಸ್ಥಾಪಿಸಿದರು. ಶಾಕ್ಲಿಯವರು ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ಜನಾಂಗಗಳಲ್ಲಿ ಹುಟ್ಟಿನಿಂದಲೇ ಮೇಲು ಕೀಳು ಉಂಟೆಂಬ ವಿಷದ ಮಾತನ್ನು ಪ್ರಚಾರ ಮಾಡಿದರು. ತಾವು ಇತರರಿಗೆ ನಿರಾಕರಿಸಿದ ರಕ್ಷಣೆ ವಿಶ್ವವಿದ್ಯಾಲಯದಲ್ಲಿ ಅವರಿಗೆ ದೊರೆಯಿತು. ಹಕ್ಕಾಗಿ ಬಂದ ಸ್ವಾತಂತ್ರ್ಯ ಒಳ್ಳೆಯವರನ್ನಷ್ಟೇ ಅಲ್ಲ, ತಪ್ಪು ದಾರಿ ಹಿಡಿದವರನ್ನೂ ಕಾಯುತ್ತದೆ ಎಂಬುದನ್ನು ಮುಚ್ಚಿಡುವಂತಿಲ್ಲ.

ದಾಕ್ಷಿಣ್ಯದ ಹಿಂದಿನ ಹಣ

ಬೆಲ್ ಲ್ಯಾಬ್ಸ್‌ಗೆ ಇಷ್ಟೊಂದು ಉದಾರವಾಗಿರಲು ಹೇಗೆ ಸಾಧ್ಯವಾಯಿತು? ಅಮೆರಿಕದ ದೂರವಾಣಿ ವ್ಯವಹಾರದಲ್ಲಿ ಅದರ ಒಡೆತನದ ಕಂಪನಿಗೆ ಬಹುಮಟ್ಟಿಗೆ ಏಕಸ್ವಾಮ್ಯವಿತ್ತು. ಕೋಟ್ಯಂತರ ಮನೆಗಳು ತಿಂಗಳು ತಿಂಗಳು ಕಟ್ಟುವ ದೂರವಾಣಿ ಶುಲ್ಕದ ಒಂದು ಪಾಲು ಸಂಶೋಧನೆಗೆ ಹರಿದುಬರುತ್ತಿತ್ತು. ಪೈಪೋಟಿಯಿಲ್ಲದ ಕಂಪನಿಗೆ ಇಪ್ಪತ್ತು ವರ್ಷ ಕಾಯುವ ತಾಳ್ಮೆ ಇರುತ್ತದೆ. ಹಾಗೆಂದು ಅದು ಲೆಕ್ಕವನ್ನು ಬಿಟ್ಟಿರಲಿಲ್ಲ: ಕೆಲಸಕ್ಕೆ ಸೇರಿದವರು ಮೊದಲ ದಿನವೇ ಒಂದು ಡಾಲರ್ ಪಡೆದು, ತಮ್ಮ ಮುಂದಿನ ಆವಿಷ್ಕಾರಗಳ ಪೇಟೆಂಟ್ ಹಕ್ಕನ್ನೆಲ್ಲ ಕಂಪನಿಗೆ ಬರೆದುಕೊಡಬೇಕಾಗಿತ್ತು.

ಆಸರೆಯ ಕಂಬ ಅಲುಗಿದಾಗ ಮನೆಯೂ ಅಲುಗಿತು. ಸರ್ಕಾರ ಹೂಡಿದ ಮೊಕದ್ದಮೆಯ ಫಲವಾಗಿ 1984ರ ಜನವರಿ 1ರಂದು ಎಟಿ ಅಂಡ್ ಟಿ ಒಡೆದು ಹಂಚಿಹೋಯಿತು. 1996ರಲ್ಲಿ ಬೆಲ್ ಲ್ಯಾಬ್ಸ್‌ನ ಬಹುಭಾಗ ಲೂಸೆಂಟ್ ಎಂಬ ಹೊಸ ಕಂಪನಿಯ ಪಾಲಾಯಿತು. 2006ರಲ್ಲಿ ಅದು ಫ್ರಾನ್ಸಿನ ಅಲ್ಕಾಟೆಲ್ ಜೊತೆ ಸೇರಿತು. 2008ರಲ್ಲಿ, ಟ್ರಾನ್ಸಿಸ್ಟರ್ ಹುಟ್ಟಿದ ಆ ಸಂಸ್ಥೆ ಮೂಲಭೂತ ಭೌತವಿಜ್ಞಾನದ ಸಂಶೋಧನೆಯಿಂದ ಹಿಂದೆ ಸರಿಯುವುದಾಗಿ ಸಾರಿತು. ಯಾರೂ ಮಾತಿಗೆ ತಪ್ಪಿದರೆಂದು ಹೇಳಲಾಗದು. ಯಾರೂ ಮಾತು ಕೊಟ್ಟಿರಲಿಲ್ಲ. ದಾಕ್ಷಿಣ್ಯ ಮುಗಿಯುವುದು ಹೀಗೆಯೇ, ಜಗಳವಿಲ್ಲದೆ.

ಕಂಪನಿಯ ಬದುಕಿನ ಇನ್ನೊಂದು ಮುಖವನ್ನು ತೋರಿಸಲು ವಿಲಿಯಂ ಗಾಸೆಟ್ ಅವರ ಹೆಸರು ಸಾಕು. ಆಕ್ಸ್‌ಫರ್ಡಿನಲ್ಲಿ ಓದಿದ ಅವರು 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆ ಸೇರಿದರು. ಬಾರ್ಲಿ ಬೆಳೆಯ ಕೆಲವೇ ನಮೂನೆಗಳನ್ನು ನೋಡಿ ಇಡೀ ಬೆಳೆಯ ಗುಣವನ್ನು ಎಷ್ಟು ನಂಬಿಕೆಯಿಂದ ಹೇಳಬಹುದು ಎಂಬ ಕಾರ್ಖಾನೆಯ ತೊಡಕಿಗೆ ಉತ್ತರ ಹುಡುಕುತ್ತಾ, ಸಂಖ್ಯಾಶಾಸ್ತ್ರದ ಒಂದು ಹೊಸ ಶಾಖೆಗೇ ಬುನಾದಿ ಹಾಕಿದರು. 1908ರಲ್ಲಿ ಅದು ಪ್ರಕಟವಾದಾಗ ಲೇಖಕರ ಹೆಸರಿನ ಜಾಗದಲ್ಲಿ ಇದ್ದದ್ದು ‘ಸ್ಟೂಡೆಂಟ್’, ಎಂದರೆ ವಿದ್ಯಾರ್ಥಿ, ಎಂಬ ಒಂದೇ ಪದ. ನೌಕರರು ತಮ್ಮ ಹೆಸರಿನಲ್ಲಿ ಪ್ರಬಂಧ ಪ್ರಕಟಿಸುವುದಕ್ಕೆ ಕಂಪನಿಯ ಒಪ್ಪಿಗೆ ಇರಲಿಲ್ಲ. ಇಂದಿಗೂ ಕಾಲೇಜುಗಳಲ್ಲಿ ಆ ಪರೀಕ್ಷಾ ವಿಧಾನವನ್ನು ಅದೇ ಗುಪ್ತನಾಮದಿಂದ ಕಲಿಸುತ್ತಾರೆ. ಗಾಸೆಟ್ ಅವರು 1937ರಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆಯಲ್ಲಿ ಉಳಿದರು. ಒಳ್ಳೆಯ ಪ್ರಶ್ನೆ ಸಿಕ್ಕಿತು, ಉತ್ತರ ಹುಡುಕುವ ಅವಕಾಶವೂ ಸಿಕ್ಕಿತು. ಉತ್ತರದ ಕೆಳಗೆ ತಮ್ಮ ಹೆಸರು ಬರೆಯುವ ಸ್ವಾತಂತ್ರ್ಯ ಸಿಗಲಿಲ್ಲ.

ಹಕ್ಕಿನ ದಾರಿ

ಹಾಗಾದರೆ ವಿದ್ಯಾಸಂಸ್ಥೆಗಳ ಸ್ವಾತಂತ್ರ್ಯ ಆಕಾಶದಿಂದ ಇಳಿದು ಬಂದದ್ದೇ? ಖಂಡಿತವಾಗಿ ಅಲ್ಲ. 1229ರಲ್ಲಿ ಪ್ಯಾರಿಸ್ಸಿನಲ್ಲಿ ತಪಸ್ಸುಕಾಲಕ್ಕೆ ಮುಂಚಿನ ಹಬ್ಬದ ದಿನಗಳಲ್ಲಿ ಗಲಾಟೆಯಾಗಿ, ನಗರದ ಕಾವಲುಗಾರರು ಕೆಲವು ವಿದ್ಯಾರ್ಥಿಗಳನ್ನು ಕೊಂದರು. ನ್ಯಾಯ ಸಿಗದೆ ಅಧ್ಯಾಪಕರು ಪಾಠಗಳನ್ನು ನಿಲ್ಲಿಸಿ ಊರೂರಿಗೆ ಚದುರಿಹೋದರು. ಸುಮಾರು ಎರಡು ವರ್ಷ ವಿಶ್ವವಿದ್ಯಾಲಯ ಮೌನವಾಗಿತ್ತು. 1231ರಲ್ಲಿ ಒಂಬತ್ತನೆಯ ಗ್ರೆಗೋರಿ ಜಗದ್ಗುರುಗಳು ಹೊರಡಿಸಿದ ಶಾಸನಪತ್ರ, ತಮ್ಮ ನಿಯಮಗಳನ್ನು ತಾವೇ ಮಾಡಿಕೊಳ್ಳುವ ಹಕ್ಕನ್ನೂ, ಅನ್ಯಾಯವಾದಾಗ ಪಾಠ ನಿಲ್ಲಿಸುವ ಹಕ್ಕನ್ನೂ ಅಧ್ಯಾಪಕರಿಗೆ ಕೊಟ್ಟಿತು. ವಿದ್ವಾಂಸರ ಸ್ವಾತಂತ್ರ್ಯ ಬಾಯಿಮಾತಿನಿಂದ ಬರಹಕ್ಕೆ ಇಳಿದ ಮಹತ್ವದ ಸಂದರ್ಭಗಳಲ್ಲಿ ಅದೂ ಒಂದು.

ಬರಹಕ್ಕೆ ಇಳಿದ ಮಾತ್ರಕ್ಕೆ ಎಲ್ಲವೂ ಸುಗಮವಾಗಲಿಲ್ಲ. 1837ರಲ್ಲಿ ಜರ್ಮನಿಯ ಹ್ಯಾನೋವರ್ ರಾಜ್ಯದ ಹೊಸ ದೊರೆ ಅರ್ನ್ಸ್ಟ್ ಆಗಸ್ಟ್, 1833ರ ಸಂವಿಧಾನವನ್ನು ರದ್ದುಪಡಿಸಿದ. ಗಟಿಂಗನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು, ಆ ಸಂವಿಧಾನಕ್ಕೆ ನಾವು ಪ್ರಮಾಣ ಮಾಡಿದ್ದೇವೆ, ಅದನ್ನು ಮುರಿಯಲಾರೆವು ಎಂದು ಪ್ರತಿಭಟಿಸಿದರು. ಏಳು ಮಂದಿಯೂ ಕೆಲಸ ಕಳೆದುಕೊಂಡರು; ಮೂವರು ರಾಜ್ಯವನ್ನೇ ಬಿಟ್ಟು ಹೋಗಬೇಕಾಯಿತು. ನಮ್ಮ ಮಕ್ಕಳು ಓದುವ ಕಿನ್ನರಿ ಕಥೆಗಳನ್ನು ಸಂಗ್ರಹಿಸಿದ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು ಆ ಏಳು ಮಂದಿಯಲ್ಲಿ ಇಬ್ಬರು. ಯಾಕೋಬ್ ಅವರು ಗಡೀಪಾರಾದ ಮೂವರಲ್ಲಿ ಒಬ್ಬರು.

ಅಮೆರಿಕದಲ್ಲೂ ಇದೇ ಪಾಠ. 1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಸಂಸ್ಥಾಪಕಿಗೆ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರ ಸಾರ್ವಜನಿಕ ಭಾಷಣಗಳು ಹಿಡಿಸದೆ, ಅವರು ರಾಜೀನಾಮೆ ಕೊಡಬೇಕಾಯಿತು. ರಾಸ್ ಅವರ ಅಭಿಪ್ರಾಯಗಳೆಲ್ಲ ಮೆಚ್ಚುವಂಥವೇನೂ ಅಲ್ಲ. ಆದರೂ ಅದನ್ನು ವಿರೋಧಿಸಿ ಕೆಲವು ಸಹೋದ್ಯೋಗಿಗಳು ತಾವೂ ಕೆಲಸ ಬಿಟ್ಟರು. ಅವರಲ್ಲಿ ಒಬ್ಬರಾದ ಆರ್ಥರ್ ಲವ್‌ಜಾಯ್, ಶಿಕ್ಷಣ ಚಿಂತಕ ಜಾನ್ ಡ್ಯೂಯಿಯವರೊಡನೆ ಸೇರಿ 1915ರಲ್ಲಿ ಪ್ರಾಧ್ಯಾಪಕರ ಸಂಘವೊಂದನ್ನು ಕಟ್ಟಿದರು. ಆ ಸಂಘದ 1940ರ ಒಪ್ಪಂದದ ಹೇಳಿಕೆಯು, ಹೆಚ್ಚೆಂದರೆ ಏಳು ವರ್ಷಗಳ ಪರೀಕ್ಷಾವಧಿಯ ನಂತರ ಪ್ರಾಧ್ಯಾಪಕರಿಗೆ ಖಾಯಂ ಸ್ಥಾನ ಸಿಗಬೇಕು, ತಕ್ಕ ಕಾರಣ ಮತ್ತು ವಿಚಾರಣೆಯಿಲ್ಲದೆ ಅವರನ್ನು ತೆಗೆಯಬಾರದು ಎಂಬ ತತ್ತ್ವವನ್ನು ಮುಂದಿಟ್ಟಿತು. ಶ್ಯಾನನ್ ಅವರೂ ಬಾರ್ಡೀನ್ ಅವರೂ ಕಂಪನಿ ಬಿಟ್ಟು ಬಂದಾಗ ಕಾಲೂರಿದ ನೆಲ ಹೀಗೆ ಇತರರ ತ್ಯಾಗದಿಂದ ಗಟ್ಟಿಯಾದದ್ದು. ಇಂದು ವಿಶ್ವವಿದ್ಯಾಲಯದ ನೆಮ್ಮದಿಯ ಕುರ್ಚಿಯಲ್ಲಿ ಕುಳಿತವರು, ಆ ಕುರ್ಚಿಗಾಗಿ ತಮ್ಮ ಕುರ್ಚಿ ಕಳೆದುಕೊಂಡವರನ್ನು ನೆನೆಯುವುದು ಒಳ್ಳೆಯದು.

ಬೆಂಗಳೂರಿನ ಒಂದು ತೋಟ

ಇನ್ನು ನಮ್ಮ ನೆಲದ ಒಂದು ಉದಾಹರಣೆ. ಚಂದ್ರಶೇಖರ ವೆಂಕಟ ರಾಮನ್ ಅವರು ಬಿಟ್ಟದ್ದು ಕಂಪನಿಯನ್ನಲ್ಲ, ಸರ್ಕಾರದ ದೊಡ್ಡ ಹುದ್ದೆಯನ್ನು; ಆದರೆ ಅವರು ತೂಗಿ ನೋಡಿದ್ದು ಇದೇ ತಕ್ಕಡಿಯಲ್ಲಿ. 1907ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಅವರು ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಬೆಳೆಸುವ ಸಂಘದ ಪ್ರಯೋಗಾಲಯವಿತ್ತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಅದನ್ನು ಕಟ್ಟುವಾಗ ಹೆಗಲು ಕೊಟ್ಟವರಲ್ಲಿ, ಕಲ್ಕತ್ತೆಯ ಸಂತ ಜೇವಿಯರ್ ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಯೂಜೀನ್ ಲಫೋಂ ಪ್ರಮುಖರು. ರಾಮನ್ ಅವರು ಬೆಳಗ್ಗೆ ಕಚೇರಿಗೆ ಮುಂಚೆ ಮತ್ತು ಸಂಜೆ ಕಚೇರಿ ಮುಗಿದ ಮೇಲೆ ಅಲ್ಲಿ ಪ್ರಯೋಗ ಮಾಡುತ್ತಿದ್ದರು. ಹಗಲಿನ ಲೆಕ್ಕಪತ್ರ ಸರ್ಕಾರಕ್ಕೆ. ಮುಂಜಾನೆ ಮತ್ತು ಸಂಜೆ ತಮಗೆ. ವರ್ಗಾವಣೆಯಾಗಿ ರಂಗೂನು, ನಾಗಪುರಗಳಿಗೆ ಹೋದ ಕಾಲವನ್ನು ಬಿಟ್ಟರೆ ಹೀಗೆಯೇ ಹತ್ತು ವರ್ಷ ನಡೆಯಿತು.

ಶ್ಯಾನನ್ ಅವರ ಕಥೆಯಲ್ಲೂ ಈ ಸಂಜೆ ಇದೆ. ಯುದ್ಧಕಾಲದ ಹಗಲುಗಳಲ್ಲಿ ಅವರು ಗುಪ್ತಲಿಪಿಯಂಥ ಒಪ್ಪಿಸಿದ ಕೆಲಸ ಮಾಡುತ್ತಿದ್ದರು. 1948ರ ಆ ಮಹಾಪ್ರಬಂಧದ ಬಹುಪಾಲು ಚಿಂತನೆ ಬೆಳೆದದ್ದು ರಾತ್ರಿಗಳಲ್ಲಿ, ಮನೆಯ ಮೇಜಿನ ಮೇಲೆ. ಅದಕ್ಕೆ ಆದೇಶ ಕೊಟ್ಟವರು ಯಾರೂ ಇರಲಿಲ್ಲ. ಕಂಪನಿ ದೊಡ್ಡದೋ ವಿಶ್ವವಿದ್ಯಾಲಯ ದೊಡ್ಡದೋ ಎಂದು ವಾದಿಸುವ ಮೊದಲು, ದುಡಿಮೆ ಮುಗಿದ ಮೇಲೆ ಉಳಿಯುವ ಎರಡು ಗಂಟೆ ಯಾರದು ಎಂದು ಕೇಳಬೇಕೆಂದು ಇದು ತಿಳಿಸುತ್ತದೆ.

1917ರಲ್ಲಿ ಆಶುತೋಷ ಮುಖರ್ಜಿಯವರ ಕರೆಗೆ ಓಗೊಟ್ಟು ರಾಮನ್ ಅವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಬಂದರು. ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಆ ಪೀಠಕ್ಕೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವಿತ್ತು. ರಾಮನ್ ಅವರು ಅದಕ್ಕೆ ಒಪ್ಪಲಿಲ್ಲ, ವಿಶ್ವವಿದ್ಯಾಲಯವೇ ನಿಯಮವನ್ನು ಸಡಿಲಿಸಿತು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡಿತು; 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆದರೆ ಆಡಳಿತ ಮಂಡಳಿಯೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1937ರಲ್ಲಿ ಆ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಆಮೇಲೆ ಮೈಸೂರು ಸಂಸ್ಥಾನ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ತೆರೆದರು. ಸರ್ಕಾರದ ಅನುದಾನಕ್ಕೆ ಕೈಯೊಡ್ಡಲು ಅವರಿಗೆ ಮನಸ್ಸಿರಲಿಲ್ಲ; ಅನುದಾನದ ಹಿಂದೆಯೇ ಷರತ್ತುಗಳು ಬರುತ್ತವೆ ಎಂಬುದು ಅವರ ಅಂಜಿಕೆ. ದಾನಿಗಳ ನೆರವಿನ ಜೊತೆಗೆ, 1943ರಲ್ಲಿ ಶಿಷ್ಯರೊಬ್ಬರೊಡನೆ ಸೇರಿ ಆರಂಭಿಸಿದ್ದ ತಿರುವಾಂಕೂರಿನ ರಾಸಾಯನಿಕ ಕಂಪನಿಯ ಆದಾಯವೂ ಸಂಸ್ಥೆಗೆ ಒದಗಿತು. ಕಂಪನಿಗೆ ತಾವು ದುಡಿಯುವ ಬದಲು ಕಂಪನಿಯೇ ತಮ್ಮ ಸ್ವಾತಂತ್ರ್ಯಕ್ಕಾಗಿ ದುಡಿಯುವಂತೆ ಮಾಡಿದ್ದು ಅವರ ಜಾಣ್ಮೆ.

ಇದಕ್ಕೂ ಬೆಲೆ ಇತ್ತು. ಯಾರ ಹಂಗೂ ಇಲ್ಲದ ಸಂಸ್ಥೆಯಲ್ಲಿ ಸಹೋದ್ಯೋಗಿಗಳೂ ಕಡಿಮೆ. ಕೊನೆಯ ದಶಕಗಳಲ್ಲಿ ಅವರು ತಮ್ಮ ತೋಟದ ಹೂವುಗಳ ಬಣ್ಣ, ಹರಳುಗಳ ಹೊಳಪು, ಕಣ್ಣಿನ ನೋಟ ಇವುಗಳ ಅಧ್ಯಯನದಲ್ಲಿ ಬಹುಮಟ್ಟಿಗೆ ಏಕಾಂಗಿಯಾಗಿ ತೊಡಗಿದರು. 1970ರ ನವೆಂಬರ್ 21ರಂದು ಅವರು ಅಗಲಿದರು. 1972ರಲ್ಲಿ ಆ ಸಂಸ್ಥೆ ಸರ್ಕಾರದ ನೆರವು ಪಡೆಯುವ ಸ್ವಾಯತ್ತ ಸಂಸ್ಥೆಯಾಗಿ ಹೊಸ ರೂಪ ತಾಳಿತು. ಒಬ್ಬ ವ್ಯಕ್ತಿಯ ಛಲ ಆ ವ್ಯಕ್ತಿಯ ಆಯುಷ್ಯದಷ್ಟೇ ಬಾಳುತ್ತದೆ. ಮುಂದೆಯೂ ಉಳಿಯಬೇಕಾದರೆ ಯಾರೊಂದಿಗಾದರೂ ಒಪ್ಪಂದ ಮಾಡಿಕೊಳ್ಳಲೇಬೇಕು.

ನಮ್ಮ ಮಕ್ಕಳು ಕೇಳಬೇಕಾದ ಪ್ರಶ್ನೆಗಳು

ಈ ಚರಿತ್ರೆಯನ್ನೆಲ್ಲ ಓದಿ, ವಿಶ್ವವಿದ್ಯಾಲಯ ಎಂದರೆ ಸ್ವಾತಂತ್ರ್ಯ, ಕಂಪನಿ ಎಂದರೆ ದಾಸ್ಯ ಎಂದು ತೀರ್ಮಾನಿಸಿದರೆ ನಾವು ತಪ್ಪು ಓದಿದಂತೆ. ಹಕ್ಕಿನ ಸ್ವಾತಂತ್ರ್ಯ ಇರುವುದು ಖಾಯಂ ಹುದ್ದೆ ಸಿಕ್ಕವರಿಗೆ. ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ದುಡಿಮೆಯಿಂದ. ಅವರಿಗೆ ಮುಂದಿನ ವರ್ಷ ಕೆಲಸವಿದೆಯೇ ಎಂಬುದೇ ಖಚಿತವಿರುವುದಿಲ್ಲ. ಹೆಸರಿನಲ್ಲೇ ಅತಿಥಿ ಎಂದಿದೆ, ಆದರೆ ಅತಿಥಿಗೆ ಸಲ್ಲುವ ಉಪಚಾರವೂ ಇಲ್ಲ. ಅವರಿಗೆ ಶ್ಯಾನನ್ ಅವರಿಗೆ ಸಿಕ್ಕಂಥ ದಾಕ್ಷಿಣ್ಯವೂ ಇಲ್ಲ, ಬಾರ್ಡೀನ್ ಅವರಿಗೆ ಸಿಕ್ಕಂಥ ಹಕ್ಕೂ ಇಲ್ಲ. ಅಂಥ ಕೊಠಡಿಯಲ್ಲಿ ನಿಂತು ಪಾಠ ಹೇಳುವ ಯುವಕನಿಗೆ ಕಂಪನಿಯ ಸಂಬಳವೇ ಒಂದು ಬಿಡುಗಡೆಯಾಗಿ ಕಂಡರೆ ಅವನನ್ನು ಹಣದಾಸೆಯವನೆಂದು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಮನೆಯ ಸಾಲ, ತಂಗಿಯ ಓದು, ತಾಯಿಯ ಔಷಧಿ ಇವೂ ಮನುಷ್ಯನನ್ನು ಕಟ್ಟಿಹಾಕುವ ಹಗ್ಗಗಳೇ.

ಆದ್ದರಿಂದ ಆ ಶಿಕ್ಷಕರ ಮಗಳನ್ನು ಇನ್ನೊಂದು ಭಾನುವಾರ ಭೇಟಿಯಾದಾಗ ನಾನು ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎರಡು ಪತ್ರಗಳನ್ನೂ ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ. ಇಲ್ಲಿ ಸಿಗುವ ಬಿಡುವನ್ನು ನಾಳೆ ಕಿತ್ತುಕೊಳ್ಳುವ ಶಕ್ತಿ ಯಾರ ಕೈಯಲ್ಲಿದೆ, ಅದಕ್ಕೆ ಅವರು ಕಾರಣ ಕೊಡಬೇಕಾಗಿದೆಯೇ? ನಾನು ಕಂಡುಕೊಂಡ ಸತ್ಯವನ್ನು ನನ್ನ ಹೆಸರಿನಲ್ಲಿ ಹೇಳಬಹುದೇ? ಮತ್ತು ಕೆಲಸ ಮುಗಿದ ಮೇಲಿನ ನನ್ನ ಸಂಜೆ ನನ್ನದಾಗಿ ಉಳಿಯುತ್ತದೆಯೇ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಕಲ್, ಮೂರನೆಯ ಪ್ರಶ್ನೆಗೆ ಎರಡು ಪತ್ರದಲ್ಲೂ ಉತ್ತರವಿಲ್ಲ. ಅಲ್ಲಿ ಕೆಲಸ ಮಾಡುವವರನ್ನೇ ಕೇಳಬೇಕು” ಎಂದಳು. ಅದು ಸರಿಯಾದ ಮಾತು. ನೇಮಕಾತಿ ಪತ್ರದಲ್ಲಿ ಸಂಬಳ ಇರುತ್ತದೆ, ಸಂಜೆ ಇರುವುದಿಲ್ಲ. ಮಗಳು ಅಷ್ಟು ವಿಚಾರಿಸಿ ತಿಳಿದುಕೊಂಡು ಬರುವವರೆಗೆ, ನೆಂಟರಿಷ್ಟರು ಏನಂದುಕೊಳ್ಳುವರೋ ಎಂಬ ಅವಸರವನ್ನು ಬದಿಗಿಟ್ಟು ಅವಳಿಗೆ ಸಮಯ ಕೊಡಿ ಎಂದು ನಾನು ಆ ತಂದೆಯಲ್ಲಿ ಕೇಳಿಕೊಂಡೆ. ನಿರ್ಧಾರ ಮಾಡುವ ಸ್ವಾತಂತ್ರ್ಯ ಅವಳಿಗೆ ಮನೆಯಿಂದಲೇ ಸಿಗಬೇಕು. ಅದೂ ದಾಕ್ಷಿಣ್ಯವಾಗಿ ಅಲ್ಲ.